ಬಾಗಿಲಕ್ಕನ ಹೊಟ್ಟೆಯಲ್ಲಿ ಕೂಗಿದ್ದು

ನಮ್ಮ ನ್ಯಾಯಾಲಯದ ಕಟ್ಟಡಕ್ಕೆ ಯಾವ ಹೆಂಗಸು ಬಂದರೂ ಮೊದಲು ಬಾಗಿಲಕ್ಕನ ಕೈಗೆ ಸಿಗಬೇಕು. ವಕೀಲೆಯಾಗಲಿ, ಸಾಕ್ಷಿ ಹೇಳಲು ಬಂದವಳಾಗಲಿ, ಗಂಡನಿಂದ ಬಿಡುಗಡೆ ಕೇಳಿ ಬಂದು ಕಣ್ಣೊರೆಸಿಕೊಳ್ಳುತ್ತ ನಿಂತವಳಾಗಲಿ, ಎಲ್ಲರೂ ಚೌಕಟ್ಟಿನ ಯಂತ್ರ ದಾಟಿ, ಹಸಿರು ಪರದೆಯ ಹಿಂದೆ ಹೋಗಿ, ಎರಡೂ ಕೈ ಚಾಚಿ ನಿಲ್ಲಬೇಕು. ಪರದೆಯ ಹಿಂದೆ ಒಂದು ಸ್ಟೂಲು, ಒಂದು ಪ್ಲಾಸ್ಟಿಕ್ ಟ್ರೇ, ಗೋಡೆಯಲ್ಲೊಂದು ಮೊಳೆ, ಮೊಳೆಗೆ ನೇತುಹಾಕಿದ ಅವರ ಕೈಚೀಲ. ಅಷ್ಟೇ ಅವರ ರಾಜ್ಯ. ಕೈಯಲ್ಲಿ ಮೆಟಲ್ ಡಿಟೆಕ್ಟರ್. ಅಷ್ಟುದ್ದದ ಹೆಸರು ಇಲ್ಲಿ ಯಾರ ಬಾಯಿಗೂ ಬರುವುದಿಲ್ಲ. ನಾವೆಲ್ಲ ಅದನ್ನು ಕೋಲು ಎನ್ನುತ್ತೇವೆ.

ನಾನು ಅದೇ ಕಟ್ಟಡದಲ್ಲಿ ಬೆರಳಚ್ಚು ಕೆಲಸ ಮಾಡುವವಳು. ನನ್ನನ್ನೂ ಅವರು ಒಂದು ದಿನ ಬಿಟ್ಟವರಲ್ಲ. "ದಿನಾ ನೋಡೋ ಮುಖ ಅಲ್ವಾ ಅಕ್ಕ" ಎಂದರೆ, "ಮುಖ ನೋಡೋದು ನಿನ್ನ ಗಂಡನ ಕೆಲಸ. ನಂದು ಸೊಂಟ, ಜೇಬು, ಕಾಲು. ಕೈ ಎತ್ತು" ಎನ್ನುತ್ತಿದ್ದರು.

ಕೋಲಿನ ಗುಣ ಅವಗುಣಗಳೆಲ್ಲ ಅವರಿಗೆ ಮನೆಯವರ ಸ್ವಭಾವದಷ್ಟೇ ಪರಿಚಯ. ಮಾತ್ರೆಯ ಹಾಳೆಯ ತಗಡಿಗೂ ಅದು ಕೂಗುತ್ತದೆ, ಒಳ ಉಡುಪಿನ ತಂತಿಗೂ ಕೂಗುತ್ತದೆ, ನೆಲದಡಿಯ ಕಬ್ಬಿಣದ ಸರಳಿಗೂ ಕೂಗುತ್ತದೆ. ಬೇಗ ಬೇಗ ಆಡಿಸಿದರೆ, ದೂರ ಹಿಡಿದರೆ, ದೊಡ್ಡದನ್ನೂ ಬಿಟ್ಟುಬಿಡುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರಿಗೆ ಅವರೇ ಪಾಠ ಹೇಳಬೇಕು. "ಇದಕ್ಕೆ ಕಣ್ಣಿಲ್ಲ, ಮೂಗಿಲ್ಲ, ಬುದ್ಧಿ ಮೊದಲೇ ಇಲ್ಲ. ಲೋಹ ಹತ್ತಿರ ಬಂದ್ರೆ ಮೈ ಜುಮ್ಮನ್ನುತ್ತೆ, ಕೂಗುತ್ತೆ. ಮಿಕ್ಕಿದ್ದೆಲ್ಲ ಇದಕ್ಕೆ ಗಾಳಿ. ಬಟ್ಟೆ, ಮರ, ಗಾಜು, ನೀರು, ನಮ್ಮ ಮೈಯಿನ ಮಾಂಸ, ಎಲ್ಲ ಗಾಳಿ."

ಆ ಪಾಠ ಅವರು ಪುಸ್ತಕದಿಂದ ಕಲಿತದ್ದಲ್ಲ. ಒಮ್ಮೆ ಒಬ್ಬ ಹೆಂಗಸು ತೀರ ಸಮಾಧಾನದ ಮುಖ ಹೊತ್ತು ಬಂದಿದ್ದಳು. ಚೌಕಟ್ಟು ಕೂಗಲಿಲ್ಲ, ಕೋಲೂ ಕೂಗಲಿಲ್ಲ. ತೋಳಿನ ಬಟ್ಟೆ ಮಾತ್ರ ಒಂದು ಕಡೆ ಬಿಗಿಯಾಗಿತ್ತು. ಬಾಗಿಲಕ್ಕ ಅಲ್ಲಿ ಕೈಯಿಟ್ಟರೆ, ಕರವಸ್ತ್ರದಲ್ಲಿ ಸುತ್ತಿದ ಕನ್ನಡಿಯ ಚೂರು. ಅಂಗೈಯಷ್ಟು ಉದ್ದ, ತುದಿ ಸೂಜಿಯ ಹಾಗೆ. ಆ ಹೆಂಗಸಿನ ಗಂಡನ ಮೊಕದ್ದಮೆ ಅವತ್ತು ಮೇಲಿನ ಮಹಡಿಯಲ್ಲಿತ್ತು. ಬಾಗಿಲಕ್ಕ ಅದನ್ನು ಟ್ರೇಯಲ್ಲಿಟ್ಟು, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಕುಡಿಸಿ, ಆಮೇಲೆ ಪೊಲೀಸರನ್ನು ಕರೆದರು.

ಇಷ್ಟೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲುವವರನ್ನು ತಪಾಸಣೆ ಮಾಡುವವರು ಮಾತ್ರ ಯಾರೂ ಇರಲಿಲ್ಲ. ಚೌಕಟ್ಟು ದಾಟಿದರೆ ಅವರಿಗೂ ಅದು ಕೂಗುತ್ತಿತ್ತು. ಬೆಲ್ಟಿನ ಬಕಲ್ಲು, ಕೊರಳಿನ ಸೀಟಿ, ಬೀಗದ ಕೈ ಗೊಂಚಲು ಹೊತ್ತವರಿಗೆ ಕೂಗದೆ ಇನ್ನೇನು ಮಾಡೀತು ಎಂದು ಎಲ್ಲರೂ ಸುಮ್ಮನಿದ್ದರು.

ಬಾಗಿಲಕ್ಕನಿಗೆ ಹೊಟ್ಟೆನೋವು ಹಳೆಯದು. ಹೊಕ್ಕುಳಿನ ಕೆಳಗೆ, ಬಲಕ್ಕೆ. ಮಗಳು ಹುಟ್ಟಿದಾಗ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರು, ಅಲ್ಲಿಂದ ಶುರು. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಬಗ್ಗಿದರೆ ಚುಚ್ಚುತ್ತದೆ, ಹೆಚ್ಚು ಹೊತ್ತು ನಿಂತರೆ ಜಗ್ಗುತ್ತದೆ, ಕೆಲವು ದಿನ ಸುಮ್ಮನಿರುತ್ತದೆ, ಮತ್ತೆ ಹೇಳದೆ ಕೇಳದೆ ಬರುತ್ತದೆ. ಅವರು ನೋಡದ ವೈದ್ಯರಿಲ್ಲ. ಒಬ್ಬರು ವಾಯು ಎಂದರು, ಒಬ್ಬರು ಹೊಲಿಗೆಯ ಜಾಗದ ನರ ಎಂದರು, ಒಬ್ಬರು ತೂಕ ಇಳಿಸಿ ಎಂದರು. ಒಬ್ಬರಂತೂ, "ಮನೇಲಿ ಎಲ್ಲ ನೆಮ್ಮದಿಯಾಗಿದೆಯಾ?" ಎಂದು ಗಂಡನನ್ನು ಹೊರಗೆ ಕಳಿಸಿ ಕೇಳಿದರು. ಒಮ್ಮೆ ಹೊಟ್ಟೆಯ ಮೇಲೆ ಜೆಲ್ ಸವರಿ ಸ್ಕ್ಯಾನ್ ಮಾಡಿದಾಗ, ಕರುಳಲ್ಲಿ ಗಾಳಿ ತುಂಬಿದೆ, ಆ ಭಾಗ ಸರಿಯಾಗಿ ಕಾಣಿಸುತ್ತಿಲ್ಲ ಎಂದು ಹೇಳಿ ಕಳಿಸಿದ್ದರು.

ಗಂಡ ಬಸ್ಸಿನ ಚಾಲಕ. ಒಳ್ಳೆಯ ಮನುಷ್ಯ. ಆದರೆ ಮೊದಲ ಕೆಲವು ವರ್ಷ ಮರುಗಿದವರು ಕೊನೆಕೊನೆಗೆ, "ನಿನ್ನ ಹೊಟ್ಟೆ ನನ್ನ ಬಸ್ಸಿನ ಹಾಗೆ, ಏನೋ ಒಂದು ಸದ್ದು ಇದ್ದೇ ಇರುತ್ತೆ" ಎಂದು ನಕ್ಕುಬಿಡುತ್ತಿದ್ದರು. ಬಾಗಿಲಕ್ಕನೂ ಜೊತೆಗೆ ನಗುತ್ತಿದ್ದರು. ನೋವಿಗೂ ನಗುವಿಗೂ ಅವರ ಮುಖದಲ್ಲಿ ಒಂದೇ ಜಾಗ ಅನ್ನಿಸುತ್ತಿತ್ತು ನನಗೆ.

ಈ ಸಲದ ವೈದ್ಯರು ಬೆನ್ನಿನವರು. ನೋವು ಹೊಟ್ಟೆಯದ್ದೇ ಅಲ್ಲ, ಬೆನ್ನುಮೂಳೆಯ ನಡುವೆ ನರ ಸಿಕ್ಕಿಕೊಂಡಿರಬೇಕು, ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ, ನೇರವಾಗಿ ಎಂಆರ್‌ಐ ಮಾಡಿಸಿ ಎಂದರು. ಗಂಡನಿಗೆ ಅವತ್ತು ದೂರದ ಬಸ್ಸು. ನಾನು ರಜೆ ಹಾಕಿ ಜೊತೆಗೆ ಹೋದೆ.

ಸ್ಕ್ಯಾನಿಂಗ್ ಕೇಂದ್ರ ತಣ್ಣಗಿತ್ತು. ಗೋಡೆಯ ಆಚೆಯಿಂದ ಯಾರೋ ತಗಡಿಗೆ ಸುತ್ತಿಗೆಯಲ್ಲಿ ಹೊಡೆಯುವಂಥ ಸದ್ದು ಬರುತ್ತಿತ್ತು. ಒಬ್ಬಳು ತಂತ್ರಜ್ಞೆ, ಚಿಕ್ಕ ವಯಸ್ಸಿನವಳು, ಬಂದು ಕೇಳತೊಡಗಿದಳು. ಹೃದಯಕ್ಕೆ ಯಂತ್ರ ಹಾಕಿಸಿದ್ದೀರಾ, ಕಿವಿಯೊಳಗೆ ಏನಾದರೂ ಇದೆಯಾ, ಮೂಳೆಗೆ ರಾಡು ಇದೆಯಾ.

"ರಾಡೂ ಇಲ್ಲ, ಗೀಡೂ ಇಲ್ಲ. ಹೆರಿಗೆ ಆಪರೇಷನ್ ಒಂದಾಗಿದೆ, ಅಷ್ಟೆ. ಆ ಆಪರೇಷನ್ನಿನ ರಾಡು ಕಾಲೇಜಿಗೆ ಹೋಗಿದೆ" ಎಂದರು ಬಾಗಿಲಕ್ಕ. ಹುಡುಗಿ ನಕ್ಕಳು.

ಬಳೆ, ಓಲೆ, ಸರ, ತಲೆಪಿನ್ನು ಎಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟು, ಅವರು ಕೊಟ್ಟ ಬಟ್ಟೆ ತೊಟ್ಟು ಬಂದರು. ಅದಕ್ಕೆ ಗುಂಡಿಯೂ ಇರಲಿಲ್ಲ, ದಾರದ ಗಂಟು ಮಾತ್ರ. ಒಳಗಿನ ಕೋಣೆಯ ಬಾಗಿಲಲ್ಲಿ ಆ ಹುಡುಗಿ ಗೋಡೆಯ ಕೊಕ್ಕೆಯಿಂದ ಒಂದು ಕೋಲು ತೆಗೆದಳು. ಬಾಗಿಲಕ್ಕನ ಮುಖ ಅರಳಿತು.

"ಅಯ್ಯೋ, ಇವನು ಇಲ್ಲೂ ಇದಾನಾ?"

ಹುಡುಗಿ ಕೋಲನ್ನು ತಲೆಯಿಂದ ಪಾದದವರೆಗೆ ಸರ್ರನೆ ಆಡಿಸಿದಳು. ಸದ್ದಿಲ್ಲ. "ಆಯ್ತು, ಬನ್ನಿ ಆಂಟಿ" ಎಂದು ಬಾಗಿಲ ಹಿಡಿಕೆಗೆ ಕೈ ಹಾಕಿದಳು.

ಬಾಗಿಲಕ್ಕ ಕದಲಲಿಲ್ಲ. "ಇದೇನಮ್ಮ, ಧೂಳು ಹೊಡೆದ ಹಾಗೆ? ಹೀಗೆ ಹಿಡಿದ್ರೆ ಆನೆ ನುಗ್ಗಿದ್ರೂ ಗೊತ್ತಾಗಲ್ಲ. ಬಟ್ಟೆಗೆ ಹತ್ತಿರ ಹಿಡಿ. ನಿಧಾನ. ಹೊಟ್ಟೆ ಮೇಲೆ ಅಡ್ಡಡ್ಡ ಹೋಗಬೇಕು. ನಾನು ಹೊಟ್ಟೆ ಹೊರೆಯೋದೇ ಇದರಲ್ಲಿ. ಇನ್ನೊಂದು ಸಲ ಮಾಡು ನೋಡೋಣ."

ಹುಡುಗಿಗೆ ಸ್ವಲ್ಪ ಸಿಟ್ಟು ಬಂತೇನೋ. ಆದರೂ ಹೇಳಿದ ಹಾಗೇ ಮಾಡಿದಳು. ಭುಜ, ಎದೆ, ಪಕ್ಕೆ. ಕೋಲು ಹೊಕ್ಕುಳಿನ ಕೆಳಗೆ ಬಂದದ್ದೇ ಚೀರಿತು.

ನಾನೂ ಹುಡುಗಿಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಬಾಗಿಲಕ್ಕನಿಗೆ ಮಾತ್ರ ಏನೂ ಅನ್ನಿಸಿದ ಹಾಗಿರಲಿಲ್ಲ. ದಿನಕ್ಕೆ ಇಂಥ ಎಷ್ಟೋ ಕೂಗು ಕೇಳಿದವರು. "ಪಕ್ಕದಲ್ಲಿ ಆ ಕಬ್ಬಿಣದ ಕುರ್ಚಿ ಇದೆ, ಅದಕ್ಕೆ" ಎಂದು ಎರಡು ಮಾರು ಈಚೆ ಬಂದು ನಿಂತರು. ಕೋಲು ಕೂಗಿತು. "ನೆಲದಲ್ಲಿ ಸರಳು ಇರುತ್ತೆ" ಎಂದು ಹುಡುಗಿಯನ್ನು ಕರೆದುಕೊಂಡು ಕಾರಿಡಾರಿನ ಆ ತುದಿಗೆ ಹೋದರು. ಅಲ್ಲೂ ಕೂಗಿತು. "ಹಾಗಾದ್ರೆ ಕೋಲೇ ಕೆಟ್ಟಿದೆ. ಇವಳ ಮೇಲೆ ಆಡಿಸು" ಎಂದು ನನ್ನನ್ನು ಎಳೆದು ನಿಲ್ಲಿಸಿದರು. ನನ್ನ ಕೈಯಲ್ಲಿದ್ದ ಅವರ ಒಡವೆಗಳನ್ನು ಕುರ್ಚಿಯ ಮೇಲಿಟ್ಟೆ. ನನ್ನ ಹೊಟ್ಟೆಯ ಮೇಲೆ ಕೋಲು ಬಾಯಿ ಬಿಡಲಿಲ್ಲ.

"ಕೊಡಿಲ್ಲಿ" ಎಂದು ಅವರು ಕೋಲನ್ನು ಕಿತ್ತುಕೊಂಡರು.

ಸಾವಿರಾರು ಹೆಂಗಸರ ಮೈಮೇಲೆ ಆಡಿಸಿದ ಆ ಕೈ, ಕೋಲನ್ನು ಮೊದಲ ಸಲ ತನ್ನ ಕಡೆಗೆ ತಿರುಗಿಸಿತು. ಬಲಗಡೆಯಿಂದ ಮೆಲ್ಲಗೆ ತಂದರು. ಕೂಗು ಶುರುವಾದಲ್ಲಿ ನಿಲ್ಲಿಸಿ, ಎಡಗೈ ಹೆಬ್ಬೆರಳನ್ನು ಬಟ್ಟೆಯ ಮೇಲೆ ಒತ್ತಿ ಗುರುತು ಮಾಡಿಕೊಂಡರು. ಕೋಲನ್ನು ಓರೆಯಾಗಿ ಕೆಳಕ್ಕೆ ತಂದರು. ಕೂಗು ನಿಂತಲ್ಲಿ ಕಿರುಬೆರಳಿಟ್ಟರು. ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಒಂದು ಗೇಣು. ಮತ್ತೆ ಒಮ್ಮೆ ಆಡಿಸಿದರು. ಅಲ್ಲೇ ಶುರುವಾಯಿತು, ಅಲ್ಲೇ ನಿಂತಿತು.

ಹೊಟ್ಟೆಯ ಮೇಲೆ ಅಗಲಿಸಿದ ಕೈಯನ್ನು ತೆಗೆಯದೆ ಅವರು ನನ್ನ ಕಡೆ ನೋಡಿದರು. ಆ ಕಣ್ಣುಗಳಲ್ಲಿ ನಗು ಇರಲಿಲ್ಲ, ನೋವೂ ಇರಲಿಲ್ಲ.

"ಒಳಗೆ ಏನೋ ಇದೆ ಕಣೇ" ಎಂದರು. "ಪಿನ್ನು ಗಿನ್ನಲ್ಲ. ಉದ್ದಕ್ಕಿದೆ."

ಹುಡುಗಿ ಓಡಿಹೋಗಿ ಹಿರಿಯ ತಂತ್ರಜ್ಞನನ್ನು ಕರೆತಂದಳು. ಅವರು ವಿಷಯ ಕೇಳಿದವರೇ ಮೊದಲು ಒಳಕೋಣೆಯ ಬಾಗಿಲಿಗೆ ಬೀಗ ಹಾಕಿದರು. ಆಮೇಲೆ ಬಾಗಿಲಕ್ಕನನ್ನು ತೋಳು ಹಿಡಿದು ಪಕ್ಕದ ಎಕ್ಸ್‌ರೇ ಕೋಣೆಗೆ ಕರೆದೊಯ್ದರು. ಚಿತ್ರ ಪರದೆಯ ಮೇಲೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಬೆನ್ನುಮೂಳೆ, ಸೊಂಟದ ಮೂಳೆಗಳು ಮಬ್ಬು ಬೂದು ಬಣ್ಣದಲ್ಲಿದ್ದವು. ಅವುಗಳ ನಡುವೆ, ಮೂಳೆಗಿಂತ ಬೆಳ್ಳಗೆ, ಗೆರೆ ಕೊರೆದಷ್ಟು ಸ್ಪಷ್ಟವಾಗಿ, ಒಂದು ಕತ್ತರಿ ಮಲಗಿತ್ತು. ಬೆರಳು ತೂರಿಸುವ ಎರಡು ಉಂಗುರ ಕೂಡ ಕಾಣುತ್ತಿದ್ದವು.

ಹುಡುಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಬಾಗಿಲಕ್ಕ ಮಾತ್ರ ಪರದೆಯ ಹತ್ತಿರ ಹೋಗಿ, ಬಗ್ಗಿ ನೋಡಿದರು.

"ಇದು ನಂದಾ?" ಎಂದರು. "ಬೇರೆ ಯಾರದ್ದೋ ಚಿತ್ರ ಬಂದಿಲ್ಲ ತಾನೆ?"

"ನಿಮ್ಮದೇ ಅಮ್ಮ. ಕತ್ತರಿ ಅಲ್ಲ ಅದು. ಆಪರೇಷನ್ ಮಾಡುವಾಗ ರಕ್ತನಾಳ ಕಚ್ಚಿ ಹಿಡಿಯೋಕೆ ಹಾಕೋ ಇಕ್ಕಳ." ಹಿರಿಯ ತಂತ್ರಜ್ಞ ಬೆವರೊರೆಸಿಕೊಂಡರು. "ಆ ಕೋಣೆ ಒಳಗಿರೋದು ಅಯಸ್ಕಾಂತ. ದೊಡ್ಡದು. ಆಕ್ಸಿಜನ್ ಸಿಲಿಂಡರನ್ನೇ ಎಳೆದುಕೊಳ್ಳುತ್ತೆ. ನೀವು ಒಳಗೆ ಕಾಲಿಟ್ಟಿದ್ರೆ ಇದು ಹೊಟ್ಟೆಯೊಳಗೇ ತಿರುಗಿಕೊಳ್ತಿತ್ತು."

ಮೊದಲ ಸಲ ಸದ್ದಿಲ್ಲದೆ ಹೋದ ಆ ಕೋಲನ್ನು ಹುಡುಗಿ ಬಾಗಿಲಕ್ಕನಿಂದ ಮರಳಿ ಇಸಿದುಕೊಂಡು, ಅಳುತ್ತ ನಿಂತಿದ್ದಳು. ಬಾಗಿಲಕ್ಕ ಅವಳ ಬೆನ್ನು ಸವರಿ, "ಅಳಬೇಡ. ಇನ್ಮೇಲೆ ನಿಧಾನ ಆಡಿಸು" ಎಂದರು. ಅವಳನ್ನು ಸಮಾಧಾನ ಮಾಡಿ ಮುಗಿಸಿದ ಮೇಲೆ ಅವರೇ ಅಲ್ಲೇ ನೆಲದ ಮೇಲೆ ಕುಸಿದು ಕೂತರು.

ಸಂಜೆ ಗಂಡ ಡ್ಯೂಟಿ ಮುಗಿಸಿ ಬಂದ ಮೇಲೆ ಮನೆಯಲ್ಲಿ ವಿಷಯ ಹೇಳುವಾಗ ನಾನೂ ಇದ್ದೆ. ಗಂಡ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ, "ಇಷ್ಟು ವರ್ಷ ಕೋಲು ನಿನ್ನ ಕೈಯಲ್ಲೇ ಇತ್ತಲ್ಲೇ" ಎಂದರು.

"ಇತ್ತು. ಅದರ ಮುಖ ಯಾವಾಗಲೂ ಆ ಕಡೆಗೆ" ಎಂದರು ಬಾಗಿಲಕ್ಕ.

"ಬಸ್ಸಿನ ಸದ್ದು ಅಂತಿದ್ದೆ ನಾನು. ಬಸ್ಸಿನಲ್ಲಿ ಸದ್ದು ಬಂದ್ರೆ ಇಳಿದು ಬಗ್ಗಿ ನೋಡ್ತೀನಿ. ನಿನ್ನ ಮಾತು ಬಂದಾಗ ನೋಡಲಿಲ್ಲ." ಅವರು ಚಿತ್ರವನ್ನು ಮಡಚಲು ಹೋಗಿ, ಮಡಚಬಾರದೆಂದು ನೆನಪಾಗಿ, ಏನು ಮಾಡುವುದೆಂದು ತೋಚದೆ ನನ್ನ ಕೈಗೆ ಕೊಟ್ಟರು.

ಮಗಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದಳು. ಮಾತು ಕಡಿಮೆಯ ಹುಡುಗಿ. ತಾಯಿ ಮಗಳ ನಡುವೆ ಮೊದಲಿನಿಂದಲೂ ಒಂದು ಅಂತರವಿತ್ತೆಂದು ನನಗೆ ಗೊತ್ತಿತ್ತು. ಅದು ಯಾಕೆಂದು ತಿಳಿದದ್ದು ಅವತ್ತು.

"ಚಿಕ್ಕವಳಿದ್ದಾಗ ನಾನು ಮೇಲೆ ಹತ್ತಿ ಕೂತ್ರೆ ನನ್ನನ್ನ ತಳ್ಳಿಬಿಡ್ತಿದ್ದೆ ನೀನು" ಎಂದಳು ಅವಳು. "ಅಮ್ಮನಿಗೆ ನಾನು ಅಂದ್ರೆ ಆಗಲ್ಲ ಅಂತ ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಂಡಿದ್ದೆ."

ಬಾಗಿಲಕ್ಕ ಮಗಳ ಕಡೆ ಕೈ ಚಾಚಿದರು. ಹುಡುಗಿ ಬಂದು, ಹೊಟ್ಟೆಗೆ ತಾಗದ ಹಾಗೆ ಪಕ್ಕದಲ್ಲಿ ಕೂತು, ತಾಯಿಯ ಭುಜಕ್ಕೆ ಮುಖ ಒತ್ತಿದಳು. "ನಾನು ಹೊರಗೆ ಬಂದೆ, ಅದು ಒಳಗೆ ಹೋಯ್ತು" ಎಂದು ಅವಳು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.

ಶಸ್ತ್ರಚಿಕಿತ್ಸೆ ಸುಲಭವಾಗಿರಲಿಲ್ಲ. ಇಕ್ಕಳದ ಸುತ್ತ ಮಾಂಸ ಬೆಳೆದು ಕವಚ ಕಟ್ಟಿಕೊಂಡಿತ್ತು, ಕರುಳಿನ ಒಂದು ಸುರುಳಿ ಅದಕ್ಕೆ ಅಂಟಿಕೊಂಡಿತ್ತು. ಅಷ್ಟು ಕರುಳನ್ನು ಕತ್ತರಿಸಿ ತೆಗೆಯಬೇಕಾಯಿತು. ಬಾಗಿಲಕ್ಕನಿಗೆ ಎಚ್ಚರವಾದ ಮೇಲೆ ಶಸ್ತ್ರವೈದ್ಯರು ಇಕ್ಕಳವನ್ನು ತೊಳೆದು ಗಾಜಿನ ಬಾಟಲಿಯಲ್ಲಿಟ್ಟು ತೋರಿಸಿದರು. ತುಕ್ಕು ಹಿಡಿದಿರಲಿಲ್ಲ. ಮೂತಿ ಬಿಗಿಯಾಗಿ ಕಚ್ಚಿಕೊಂಡೇ ಇತ್ತು, ಇನ್ನೂ ಯಾವುದೋ ರಕ್ತನಾಳವನ್ನು ಹಿಡಿದಿರುವ ಹಾಗೆ.

ಬಾಗಿಲಕ್ಕ ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಲೇ ಹೆರಿಗೆ ಮಾಡಿಸಿದ್ದ ವೈದ್ಯೆ ಬಂದರು. ಸುದ್ದಿ ಪೇಟೆಯೆಲ್ಲ ಹಬ್ಬಿತ್ತು. ಅವರ ಸಣ್ಣ ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ವೈದ್ಯೆಗೆ ಈಗ ವಯಸ್ಸಾಗಿ ಊರುಗೋಲು ಬಂದಿತ್ತು. ಈ ಭಾಗದ ಅರ್ಧ ಮಕ್ಕಳು ಹುಟ್ಟಿದ್ದು ಅವರ ಕೈಯಲ್ಲೇ, ನನ್ನ ತಮ್ಮನೂ ಸೇರಿ. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವರು ಕೂರಲಿಲ್ಲ.

"ಹೊಲಿಗೆ ಹಾಕೋ ಮುಂಚೆ ಸಾಮಾನೆಲ್ಲ ಎಣಿಸಿದೀರಾ ಅಂತ ನರ್ಸುಗಳನ್ನ ಕೇಳಿದ್ದೆ. ಎಣಿಸಿದೀವಿ ಅಂದ್ರು. ನಾನು ನಂಬಿದೆ" ಎಂದರು. ಆಮೇಲೆ, "ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಮ್ಮ" ಎಂದರು.

ಬಾಗಿಲಕ್ಕ ಅವರನ್ನೇ ನೋಡುತ್ತಿದ್ದರು. ಸ್ವರ ಏರಿಸಲಿಲ್ಲ. "ಇಷ್ಟು ವರ್ಷ ಹೊಟ್ಟೇಲೇ ಇಟ್ಕೊಂಡಿದ್ದೆ ಡಾಕ್ಟ್ರಮ್ಮ. ಇನ್ನು ಜಾಗ ಇಲ್ಲ."

ವೈದ್ಯೆಯ ಮುಖ ಬಿಳಿಚಿಕೊಂಡಿತು.

"ಎಣಿಸೋದು ತಪ್ಪಿದ್ದಕ್ಕೆ ನಾನೇನೂ ಅನ್ನಲ್ಲ. ನಾನೂ ಎಷ್ಟೋ ಜನರನ್ನ ನೋಡೋ ಕೆಲಸದವಳೇ, ಯಾವಾಗಲೋ ಒಂದು ತಪ್ಪುತ್ತೆ. ಆದರೆ ನೋವು ಅಂತ ನಿಮ್ಮ ಹತ್ರಾನೇ ಬಂದಿದ್ದೆ, ಕಂಕುಳಲ್ಲಿ ಕೂಸು ಇಟ್ಕೊಂಡು. ಹೊಟ್ಟೆ ಮುಟ್ಟಿ ಕೂಡ ನೋಡಲಿಲ್ಲ ನೀವು. ಹೆತ್ತವರಿಗೆಲ್ಲ ಇರುತ್ತೆ ಹೋಗಮ್ಮ ಅಂದ್ರಿ. ಮತ್ತೆ ಬಂದೆ. ನಿಮ್ಮ ಬಾಗಿಲಲ್ಲಿದ್ದವಳು ಒಳಗೇ ಬಿಡಲಿಲ್ಲ."

ತಾವು ಮಾಡಿದ್ದನ್ನು ಎಲ್ಲಿ ಬೇಕಾದರೂ ಬಂದು ಒಪ್ಪಿಕೊಳ್ಳುವುದಾಗಿ ವೈದ್ಯೆ ಹೇಳಿದರು. ಹಾಗೆಯೇ ಮುಂದೆ ವಿಚಾರಣೆಗೆ ಬಂದು ಒಪ್ಪಿಕೊಂಡರು ಕೂಡ. ಆದರೆ ಅವತ್ತು ಅವರು ಹೋಗುವಾಗ ಬಾಗಿಲಕ್ಕ ಕಣ್ಣು ಮುಚ್ಚಿಕೊಂಡಿದ್ದರು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ.

ಬಾಗಿಲಕ್ಕ ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಬಂದಾಗ ಹಸಿರು ಪರದೆಯ ಮುಂದೆ ಉದ್ದನೆಯ ಸಾಲು. ಅದರಲ್ಲಿದ್ದ ಎಷ್ಟೋ ಹೆಂಗಸರಿಗೆ ನ್ಯಾಯಾಲಯದಲ್ಲಿ ಯಾವ ಕೆಲಸವೂ ಇರಲಿಲ್ಲ. ಹೊಟ್ಟೆ ಕೊಯ್ಸಿಕೊಂಡು ಹೆತ್ತವರು, ಗರ್ಭಕೋಶ ತೆಗೆಸಿಕೊಂಡವರು, ಯಾವ ವೈದ್ಯರಿಗೂ ಪತ್ತೆಯಾಗದ ನೋವು ಹೊತ್ತು ತಿರುಗುತ್ತಿದ್ದವರು. "ಅಕ್ಕ, ನನ್ನ ಹೊಟ್ಟೆ ಮೇಲೆ ಒಂದ್ಸಲ ಆಡಿಸಿ ನೋಡಿ" ಎನ್ನುತ್ತಿದ್ದರು. ಒಬ್ಬಳು ತಾಯಿಯನ್ನು ಕರೆತಂದಿದ್ದಳು, ಇನ್ನೊಬ್ಬಳು ಸೊಸೆಯನ್ನು.

ಬಾಗಿಲಕ್ಕನಿಗೆ ಇಲ್ಲವೆನ್ನಲು ಮನಸ್ಸು ಬರಲಿಲ್ಲ. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ಒಬ್ಬೊಬ್ಬರ ಹೊಟ್ಟೆಯ ಮೇಲೂ ನಿಧಾನವಾಗಿ, ಅಡ್ಡಡ್ಡ, ಕೋಲು ಆಡಿಸಿದರು. ಯಾರ ಹೊಟ್ಟೆಯೂ ಕೂಗಲಿಲ್ಲ. "ಏನೂ ಇಲ್ಲ, ಹೋಗಿ ಬಾ" ಎಂದು ಅವರು ಹೇಳಿದಾಗ ಕೆಲವರು ಅವರ ಕೈ ಹಿಡಿದು ಅತ್ತರು.

ಅವರಲ್ಲಿ ಒಬ್ಬಳು ನಮ್ಮ ಬೀದಿಯ ಟೈಲರ್. ನಮ್ಮ ಕಟ್ಟಡದ ಅರ್ಧ ಹೆಂಗಸರ ಬಟ್ಟೆ ಅವಳೇ ಹೊಲಿಯುವುದು. ಹೋದ ವರ್ಷ ಗರ್ಭಕೋಶ ತೆಗೆಸಿಕೊಂಡಿದ್ದಳು. ಅಲ್ಲಿಂದ ಹೊಟ್ಟೆಯಲ್ಲಿ ಒಂದು ಭಾರ, ಆಗಾಗ ಜ್ವರ. ಬಾಗಿಲಕ್ಕ ಅವಳ ಮೇಲೆ ಬೇರೆಯವರಿಗಿಂತ ಹೆಚ್ಚು ಹೊತ್ತು ಕೋಲು ಆಡಿಸಿದ್ದನ್ನು ನಾನೇ ಕಂಡೆ. ಸದ್ದಿಲ್ಲ. "ನಿನ್ನ ಹೊಟ್ಟೆ ಬಾಯಿ ಬಿಡ್ತಿಲ್ಲ. ಧೈರ್ಯವಾಗಿರು" ಎಂದರು. ಟೈಲರ್ ಹಗುರಾಗಿ ನಕ್ಕು, ಮರುದಿನ ತೋರಿಸಬೇಕಿದ್ದ ವೈದ್ಯರ ಹತ್ತಿರ ಹೋಗದೆ, ಬಾಕಿ ಬಿದ್ದ ಹೊಲಿಗೆಗೆ ಕೂತಳು.

ಆ ತಿಂಗಳು ಕಳೆಯುವ ಮೊದಲೇ ಅವಳು ಹೊಲಿಗೆ ಯಂತ್ರದ ಮೇಲೆ ಮುಖ ಮಾಡಿ ಬಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದರೆ, ಒಳಗೆ ರಕ್ತ ಒರೆಸುವ ಬಟ್ಟೆ, ಮಡಿಕೆ ಮಡಿಕೆಯಾಗಿ, ಕೀವಿನಲ್ಲಿ ತೊಯ್ದು ಕೂತಿತ್ತು.

ಇದನ್ನು ಬಾಗಿಲಕ್ಕನಿಗೆ ಹೇಳಿದವಳು ನಾನು. ಅವರು ಆಗ ಪರದೆಯ ಹಿಂದೆ ಯಾರದೋ ಕೈಚೀಲ ನೋಡುತ್ತಿದ್ದರು. ಎರಡು ಸಲ ಹೇಳಿಸಿಕೊಂಡರು. ಆಮೇಲೆ ಕೋಲಿನ ಗುಂಡಿ ಒತ್ತಿ ಆರಿಸಿ, ಟ್ರೇಯಲ್ಲಿಟ್ಟು, ಅದರಿಂದ ಕೈಯನ್ನು ಸರಕ್ಕನೆ ಎಳೆದುಕೊಂಡರು.

"ಬಟ್ಟೆ" ಎಂದರು. "ಬಟ್ಟೆ ಇದಕ್ಕೆ ಗಾಳಿ ಅಂತ ನಾನೇ ಪಾಠ ಹೇಳ್ತೀನಿ. ಕನ್ನಡಿ ಚೂರಿಗೆ ಬಾಯಿ ಬಿಡದೆ ಇದ್ದಿದ್ದನ್ನ ಕಣ್ಣಾರೆ ಕಂಡಿದೀನಿ. ಗೊತ್ತಿದ್ದೂ ಗೊತ್ತಿದ್ದೂ ಏನೂ ಇಲ್ಲ ಹೋಗು ಅಂದೆ." ಟ್ರೇಯನ್ನು ದೂರ ತಳ್ಳಿದರು. "ಕೂಗಲಿಲ್ಲ ಅಂತ ಮಾತ್ರ ಹೇಳಬೇಕಿತ್ತು. ಏನೂ ಇಲ್ಲ ಅಂತ ಹೇಳೋಕೆ ನಾನ್ಯಾರು? ಆ ಡಾಕ್ಟ್ರಮ್ಮ ನನಗೆ ಹೇಳಿ ಕಳಿಸಿದ ಹಾಗೇ ನಾನು ಅವಳನ್ನ ಕಳಿಸಿದೆ."

ನಾನು ಏನೋ ಸಮಾಧಾನ ಹೇಳಹೊರಟೆ. ಅವರು ಕೈ ಅಡ್ಡ ಮಾಡಿದರು.

ಅವತ್ತು ಸಂಜೆ ನೇರವಾಗಿ ಆಸ್ಪತ್ರೆಗೆ ಹೋದರು. ಟೈಲರಿಗೆ ಪ್ರಜ್ಞೆ ಇರಲಿಲ್ಲ. ಮರುದಿನವೂ ಹೋದರು. ಅವಳಿಗೆ ಪ್ರಜ್ಞೆ ಬರುವವರೆಗೂ ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಹೋಗಿ ಅವಳ ಗಂಡನ ಪಕ್ಕದಲ್ಲಿ ಬೆಂಚಿನ ಮೇಲೆ ಕೂರುತ್ತಿದ್ದರು. ಅವನಿಗೆ ಎಲ್ಲವನ್ನೂ ಹೇಳಿಕೊಂಡರು. ಅವನು ಬೈಯಲಿ ಎಂದೇ ಕಾದಿದ್ದರು. ಅವನು ಬೈಯಲಿಲ್ಲ, ಮಾತೂ ಆಡಲಿಲ್ಲ. ಅದು ಅವರಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಟೈಲರ್ ಉಳಿದಳು. ಕಣ್ಣುಬಿಟ್ಟು ಮಾತಾಡುವಷ್ಟಾದಾಗ ಬಾಗಿಲಕ್ಕ ಹಾಸಿಗೆಯ ಪಕ್ಕ ನಿಂತು, "ನನ್ನ ಮಾತು ನಂಬಿ ಹೀಗಾಯ್ತು ನಿನಗೆ" ಎಂದರು.

"ನಂಬಬೇಕು ಅಂತಾನೇ ಬಂದಿದ್ದೆ ಅಕ್ಕ" ಎಂದಳು. "ಇದೆ ಅಂತ ಯಾರಾದ್ರೂ ಹೇಳಿದ್ರೆ ಮತ್ತೆ ಕೊಯ್ಸಿಕೊಳ್ಳಬೇಕಲ್ಲ ಅಂತ ಭಯ. ಇಲ್ಲ ಅನ್ನೋರನ್ನ ಹುಡುಕ್ತಾ ಇದ್ದೆ."

ಈಗ ಹಸಿರು ಪರದೆಯ ಮುಂದೆ ಹೊಟ್ಟೆ ತೋರಿಸಲು ಯಾರಾದರೂ ಬಂದರೆ ಬಾಗಿಲಕ್ಕ ಕೋಲನ್ನು ಬೆನ್ನ ಹಿಂದೆ ಹಿಡಿದುಕೊಳ್ಳುತ್ತಾರೆ. ನೋವು ಎಲ್ಲಿ, ಯಾವಾಗಿನಿಂದ, ಯಾವ ಆಪರೇಷನ್ ಆಗಿತ್ತು ಎಂದು ಕೇಳುತ್ತಾರೆ. ಆಮೇಲೆ ತಮ್ಮ ವಾರದ ರಜೆ ಯಾವ ದಿನವೆಂದು ಹೇಳಿ, ಅವತ್ತು ಬೆಳಿಗ್ಗೆ ದೊಡ್ಡಾಸ್ಪತ್ರೆಯ ಮೆಟ್ಟಿಲ ಹತ್ತಿರ ಬರಲು ಹೇಳುತ್ತಾರೆ.

ಕಳೆದ ಸಲ ನಾನೂ ಜೊತೆಗೆ ಹೋಗಿದ್ದೆ. ಬಾಗಿಲಕ್ಕ ಕರೆತಂದ ಹೆಂಗಸು ಬೇಕರಿಯಲ್ಲಿ ಕೆಲಸ ಮಾಡುವವಳು, ಹೆದರಿ ಮುದ್ದೆಯಾಗಿದ್ದಳು. ವೈದ್ಯರು ಪಾಪ ಒಳ್ಳೆಯವರೇ, ಆದರೆ ಹೊರಗೆ ಸಾಲು ಬೆಳೆದಿತ್ತು. ಮಾತ್ರೆ ಬರೆದುಕೊಟ್ಟು, "ಇದನ್ನ ತಗೊಂಡು ನೋಡಿ" ಎಂದರು.

"ತಗೊಳ್ತಾಳೆ ಡಾಕ್ಟ್ರೇ" ಎಂದರು ಬಾಗಿಲಕ್ಕ. "ಹಾಗೇ ಒಂದ್ಸಲ ಹೊಟ್ಟೆ ಮುಟ್ಟಿ ನೋಡಿ. ಅಲ್ಲಿ ಮಂಚ ಇದೆಯಲ್ಲ."

ವೈದ್ಯರು ತಲೆಯೆತ್ತಿ ಅವರನ್ನು ನೋಡಿದರು, ಸಾಲನ್ನು ನೋಡಿದರು, ಮತ್ತೆ ಇವರನ್ನು ನೋಡಿದರು. ಬಾಗಿಲಕ್ಕ ಅಷ್ಟರಲ್ಲಿ ಆ ಹೆಂಗಸಿನ ಚೀಲ ಇಸಿದುಕೊಂಡು, ಅವಳನ್ನು ಮಂಚ ಹತ್ತಿಸುತ್ತಿದ್ದರು. ವೈದ್ಯರು ಪೆನ್ನು ಕೆಳಗಿಟ್ಟು ಎದ್ದರು.